ಕ್ಯೂರಿಂಗ್ ಆಯ್ತಾ?

ಹುಣಸೂರು ತಾಲ್ಲೂಕಿನ ಗಾವಡಗೆರೆಯಲ್ಲಿ ಯಾರನ್ನಾದರೂ ನಿಲ್ಲಿಸಿ ‘ಕ್ಯೂರಿಂಗ್ ಆಯ್ತಾ?’ ಎಂದು ಕೇಳಿ. ಆಗಸ್ಟ್ ತಿಂಗಳಾದರೆ ಅವರು ಹೊಗೆಸೊಪ್ಪಿನ ಸುದ್ದಿ ಹೇಳುತ್ತಾರೆ. ಏಪ್ರಿಲ್ ಆದರೆ ಮೊನ್ನೆ ಹಾಕಿಸಿದ ಆರ್‌ಸಿಸಿಯ ಸುದ್ದಿ. ಇನ್ನು ಆಸ್ಪತ್ರೆಯ ಕ್ಯೂರು ಇದೆಯಲ್ಲ, ಅದಕ್ಕೆ ಕಾಲವೆಂಬುದಿಲ್ಲ. ವರ್ಷವಿಡೀ ನಡೆದೇ ಇರುತ್ತದೆ.

ಮೊದಲು ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ. ಎಲೆ ಬುಡದಿಂದ ಮೇಲಕ್ಕೆ ಹಣ್ಣಾಗುತ್ತಾ ಹೋಗುತ್ತದೆ. ಹಣ್ಣಾದಷ್ಟನ್ನು ಮುರಿದು ತಂದು, ದಾರದಲ್ಲಿ ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಸೊಪ್ಪು ಬೇಯಿಸುವ ಮನೆಯೊಳಗೆ ಸೂರಿನವರೆಗೂ ಸಾಲುಸಾಲಾಗಿ ಏರಿಸಿ ಬಾಗಿಲು ಹಾಕುತ್ತಾರೆ. ಹೊರಗೆ ಒಲೆ, ಒಳಗೆ ಕಬ್ಬಿಣದ ಕೊಳವೆ. ಹೆಸರು ಹೊಗೆಸೊಪ್ಪಾದರೂ ಹೊಗೆ ಎಲೆಗೆ ಸೋಕುವಂತಿಲ್ಲ, ಕಾವು ಮಾತ್ರ ತಾಗಬೇಕು. ಮೊದಲು 35–40 ಡಿಗ್ರಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಒಳಗಿನ ಪಿಷ್ಟ ಸಕ್ಕರೆಯಾಗಬೇಕು. ಆಮೇಲೆ ಮೆಲ್ಲಮೆಲ್ಲಗೆ ಕಾವೇರಿಸಿ ಎಲೆ ಒಣಗಿಸಿ, ಕೊನೆಗೆ 70 ಡಿಗ್ರಿ ದಾಟಿಸಿ ನಡುದಂಟನ್ನೂ ಒಣಗಿಸಬೇಕು. ಇದೆಲ್ಲ ಮುಗಿಯಲು ಐದಾರು ದಿನ. ಆತುರಪಟ್ಟು ಕಾವೇರಿಸಿದರೆ ಹಸಿರು ಹಾಗೇ ನಿಂತುಬಿಡುತ್ತದೆ. ತಡಮಾಡಿದರೆ ಎಲೆ ಕಂದಾಗುತ್ತದೆ. ಕಡ್ಡಿಯಿಂದ ಒಂದು ಒಣ ಎಲೆ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೂ ಸಾಕು, ಬ್ಯಾರನ್ನೇ ಹೊತ್ತಿಕೊಳ್ಳಬಹುದು. ಅದಕ್ಕೇ ಈ ಸೀಮೆಯಲ್ಲಿ ಆ ದಿನಗಳಲ್ಲಿ ಗಂಡಸರಿಗೆ ಮನೆಯೊಳಗೆ ಹಾಸಿಗೆಯಿಲ್ಲ.

‘ಯಾಕಣ್ಣ, ಕಣ್ಣೆಲ್ಲಾ ಕೆಂಪಗವೆ?’

‘ಬ್ಯಾರನ್ ಬೇಯ್ತಾ ಅದೆ ಕಣಪ್ಪ.’

ಬೇರೆ ವಿವರಣೆ ಯಾರೂ ಕೇಳುವುದಿಲ್ಲ.

ಇಷ್ಟು ಎಚ್ಚರ ಬೇಡುವ ಈ ವಿದ್ಯೆ ಹುಟ್ಟಿದ್ದು ಮಾತ್ರ ನಿದ್ದೆಯಿಂದ ಎಂದು ಒಂದು ಕಥೆಯಿದೆ. 1839ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಸ್ಲೇಡ್ ಎಂಬ ಮನೆತನದ ತೋಟದಲ್ಲಿ ಸ್ಟೀಫನ್ ಎಂಬ ಗುಲಾಮ ಬ್ಯಾರನ್ ಕಾಯುತ್ತಾ ತೂಕಡಿಸಿದನಂತೆ. ಎಚ್ಚರವಾದಾಗ ಬೆಂಕಿ ಆರುವುದರಲ್ಲಿತ್ತು. ಹೆದರಿ ಕುಲುಮೆಯ ಇದ್ದಿಲು ತಂದು ಸುರಿದ. ಕಾವು ಒಮ್ಮೆಗೇ ಏರಿ ಎಲೆಯೆಲ್ಲ ಹೊನ್ನಿನ ಬಣ್ಣಕ್ಕೆ ತಿರುಗಿತು. ಇಂದು ನಮ್ಮ ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಗುವುದೂ ಅಂಥ ಹೊನ್ನೆಲೆಗೇ. ಲಾಭ ತೋಟದೊಡೆಯನಿಗೆ ಹೋಯಿತು ಎಂದು ಬೇರೆ ಹೇಳಬೇಕೆ?

ಈಗ ಸಿಮೆಂಟಿಗೆ ಬನ್ನಿ. ಹೊಗೆಸೊಪ್ಪಿಗೆ ಬೆಲೆ ಬಂದ ವರ್ಷ ಊರಿನಲ್ಲಿ ಮನೆಗಳು ಏಳುತ್ತವೆ. ಮೇಸ್ತ್ರಿ ಹೋಗುವಾಗ ಹೇಳುವ ಕೊನೆಯ ಮಾತು, ‘ಕ್ಯೂರಿಂಗ್ ಸರಿಯಾಗಿ ಮಾಡ್ಸಿ, ಆಮೇಲೆ ಬಿರುಕು ಬಿಡ್ತು ಅಂತ ನನ್ನ ಕೇಳ್ಬೇಡಿ.’ ಆರ್‌ಸಿಸಿಯ ಮೇಲೆ ಬದು ಕಟ್ಟಿ ನೀರು ನಿಲ್ಲಿಸಬೇಕು, ಕಂಬಗಳಿಗೆ ಗೋಣಿತಾಟು ಸುತ್ತಿ ನೆನೆಸುತ್ತಿರಬೇಕು. ಕಡಿಮೆಯೆಂದರೂ ಏಳು ದಿನ, ಬಿಸಿಲು ಹೆಚ್ಚಿದ್ದರೆ ಹತ್ತು ದಿನ ತೇವ ಆರಕೂಡದು ಎಂಬುದು ನಮ್ಮ ದೇಶದ ಕಾಂಕ್ರೀಟ್ ಮಾನಕದ ಕಟ್ಟಳೆ. ನೋಡಿ ಚೋದ್ಯ! ಬ್ಯಾರನ್ನಿನಲ್ಲಿ ನೀರು ತೆಗೆಯುವುದು ಕ್ಯೂರಿಂಗ್, ಮಾಳಿಗೆಯ ಮೇಲೆ ನೀರು ಹಿಡಿದಿಡುವುದೂ ಕ್ಯೂರಿಂಗ್. ಒಂದೇ ಮನೆಯ ಯಜಮಾನ ಎರಡನ್ನೂ ಮಾಡುತ್ತಾನೆ, ಗೊಂದಲ ಮಾತ್ರ ಪಡುವುದಿಲ್ಲ. ನಿಘಂಟು ಓದಿದವರಿಗೆ ಬರುವ ಕಾಯಿಲೆ ಅದು.

ಪಿರಿಯಾಪಟ್ಟಣ ದಾಟಿ ಕುಶಾಲನಗರಕ್ಕೆ ಹೋದರೆ ಮೂರನೆಯದೊಂದು ಎದುರಾಗುತ್ತದೆ, ಕಾಫಿ ಕ್ಯೂರಿಂಗ್ ವರ್ಕ್ಸ್. ಅಲ್ಲಿ ಬೇಯಿಸುವುದೂ ಇಲ್ಲ, ನೆನೆಸುವುದೂ ಇಲ್ಲ. ಒಣಗಿ ಬಂದ ಕಾಫಿಯ ಸಿಪ್ಪೆ ಬಿಡಿಸಿ, ಬೀಜವನ್ನು ಗಾತ್ರ ನೋಡಿ ವಿಂಗಡಿಸುತ್ತಾರೆ. ಟೈರ್ ಕಾರ್ಖಾನೆಯವರನ್ನು ಕೇಳಿದರೆ ಅಚ್ಚಿನಲ್ಲಿಟ್ಟು ರಬ್ಬರನ್ನು ಬೇಯಿಸಿ ಗಟ್ಟಿ ಮಾಡುವುದೇ ಕ್ಯೂರಿಂಗ್ ಎಂದಾರು.

ಡಾಕ್ಟರ ಬಾಯಿಗೆ ಬಂದಾಗ ಈ ಪದ ತೀರಾ ಜುಗ್ಗತನ ತೋರುತ್ತದೆ. ‘ಶುಗರ್ ಕ್ಯೂರ್ ಆಗಲ್ಲಮ್ಮ, ಕಂಟ್ರೋಲಲ್ಲಿ ಇಟ್ಕೋಬೇಕು.’ ಹೊಗೆಸೊಪ್ಪಿಗೂ ಡಾಕ್ಟರಿಗೂ ನಂಟು ಹೊಲದಲ್ಲೇ ಶುರುವಾಗುತ್ತದೆ: ಮಳೆಯಲ್ಲಿ ನೆಂದ ಹಸಿ ಎಲೆ ಮುರಿದವರಿಗೆ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ಬರುವುದುಂಟು. ಕ್ಯೂರಿಂಗ್ ಆದ ಎಲೆ ಮುಂದೆ ಸಿಗರೇಟಾಗಿ, 2016ರ ಏಪ್ರಿಲ್‌ನಿಂದ, ಶೇ 85 ಭಾಗ ಎಚ್ಚರಿಕೆಯೇ ತುಂಬಿರುವ ಪೊಟ್ಟಣದಲ್ಲಿ ಅಂಗಡಿಗೆ ಬರುತ್ತದೆ. ಹದವಾಗಿ ಕ್ಯೂರ್ ಮಾಡಿದ್ದು ಕ್ಯೂರ್ ಆಗದ್ದನ್ನು ತಂದುಕೊಡುತ್ತದೆ ಎಂಬುದನ್ನು ಬೆಳೆಗಾರನಿಗೆ ಯಾರೂ ಕಲಿಸಬೇಕಿಲ್ಲ. ಅವನಿಗೆ ಗೊತ್ತಿದೆ. ಬೇರೆ ಯಾವ ಬೆಳೆ ಇಷ್ಟು ದುಡ್ಡು ತರುತ್ತದೆ ಎಂದು ಅವನು ಕೇಳಿದರೆ ಉಪದೇಶ ಹೇಳಲು ಬಂದವರು ಗಡಿಯಾರ ನೋಡಿಕೊಳ್ಳುತ್ತಾರೆ.

ಈ ಎಲ್ಲ ಕ್ಯೂರುಗಳಿಗೂ ತಾಯಿಬೇರು ಲ್ಯಾಟಿನ್ನಿನ ‘ಕ್ಯೂರಾ’. ಆರೈಕೆ ಎಂದೂ ಹೌದು, ಚಿಂತೆ ಎಂದೂ ಹೌದು. ಚಿಂತೆಯಿಲ್ಲದ ಸ್ಥಿತಿ ‘ಸೆಕ್ಯೂರಸ್’. ಅದರಿಂದ ಸೆಕ್ಯೂರಿಟಿ, ಸುತ್ತು ಬಳಸಿ ಇನ್ಶೂರೆನ್ಸ್. ನಮ್ಮ ಕಡೆಯ ಹುಡುಗರು ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ನಿಂತು ರಾತ್ರಿಯೆಲ್ಲ ಎದ್ದಿರುತ್ತಾರೆ, ಊರಲ್ಲಿ ಅಪ್ಪ ಬ್ಯಾರನ್ ಮುಂದೆ ಎದ್ದಿರುತ್ತಾನೆ. ಒಂದೇ ಧಾತುವಿಗೆ ಎರಡು ತಲೆಮಾರಿನ ಜಾಗರಣೆ. ಹೈಜಿನಸ್ ಎಂಬ ರೋಮನ್ ಲೇಖಕ ಒಂದು ಕಥೆ ಬರೆದಿಟ್ಟಿದ್ದಾನೆ. ಕ್ಯೂರಾ ಎಂಬ ದೇವಿ ಹೊಳೆದಂಡೆಯ ಜೇಡಿಮಣ್ಣಿನಿಂದ ಮನುಷ್ಯನನ್ನು ಮಾಡಿದಳು. ಜ್ಯೂಪಿಟರ್ ಪ್ರಾಣ ಕೊಟ್ಟ. ಇವನು ಯಾರಿಗೆ ಸೇರಬೇಕೆಂದು ಜಗಳವಾದಾಗ ಶನಿದೇವ ತೀರ್ಪು ಕೊಟ್ಟ: ಸತ್ತ ಮೇಲೆ ಪ್ರಾಣ ಜ್ಯೂಪಿಟರನಿಗೆ, ದೇಹ ಭೂಮಿತಾಯಿಗೆ, ಬದುಕಿರುವಷ್ಟು ದಿನ ಇವನು ಕ್ಯೂರಾಳ ಸ್ವತ್ತು. ಈ ತೀರ್ಪನ್ನು ಹುಣಸೂರು ತಾಲ್ಲೂಕಿನಲ್ಲಿ ಯಾರೂ ಮೇಲ್ಮನವಿಗೆ ಒಯ್ಯಲಾರರು.

ಕನ್ನಡದಲ್ಲಿ ಕ್ಯೂರಿಂಗಿಗೆ ‘ಹದ’ ಎಂಬ ಚೆಂದದ ಪದವಿದೆ. ಎಲೆಗೂ ಸರಿ, ಗಾರೆಗೂ ಸರಿ. ಆದರೂ ನಾನು ಕ್ಯೂರಿಂಗನ್ನು ಊರಿಂದ ಓಡಿಸಿ ಎನ್ನುವುದಿಲ್ಲ. ಚಿಂತೆ ಎಂಬ ಹಳೆಯ ಅರ್ಥವನ್ನು ಇಂಗ್ಲಿಷಿನವರು ಹೆಚ್ಚುಕಡಿಮೆ ಮರೆತಿದ್ದಾರೆ. ಒಲೆ ಮುಂದೆ ಕೂತ ನಮ್ಮ ರೈತ ಲ್ಯಾಟಿನ್ ಓದದೆಯೇ ಅದನ್ನು ಉಳಿಸಿಕೊಂಡಿದ್ದಾನೆ. ಆಗಸ್ಟಿನ ರಾತ್ರಿ ಆ ಕಡೆ ಹೋದರೆ ಅವನನ್ನು ಹೆಚ್ಚು ಹೊತ್ತು ಮಾತಿಗೆಳೆಯಬೇಡಿ. ನಿಮ್ಮ ಮಾತಿನ ನಡುವೆ ತಡವಾಗಿ ಎಲೆ ಕಂದಾಗಿಬಿಟ್ಟರೆ ಹರಾಜಿನಲ್ಲಿ ಅದನ್ನು ಕೇಳುವವರು ಕಡಿಮೆ.