ರಕ್ತಕ್ಕೂ ವಯಸ್ಸಾಗುತ್ತದೆ

ಸುಲ್ತಾನ್‌ಪೇಟೆಯ ನಮ್ಮ ಕುಟುಂಬದಲ್ಲಿ ಖಾಲಾ ಅವರ ಮಗನಿಗೆ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಬೇಕು. ಪ್ರತಿ ಸಲವೂ ಖಾಲಾ ಕೇಳುತ್ತಾರೆ, "ತಾಜಾ ಇದೆಯಾ?" ಮಾರ್ಕೆಟ್‌ನಲ್ಲಿ ಸೊಪ್ಪು ಕೊಳ್ಳುವ ದನಿಯಲ್ಲೇ!

ಪ್ರಶ್ನೆ ಮಾತ್ರ ಸರಿಯಾದದ್ದು. ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹೊಸ ಪ್ರೋಟೀನ್ ಮಾಡಿಕೊಳ್ಳಲಾರದು. ಅದಕ್ಕೇ ಸೆಂಟ್ರಿಫ್ಯೂಜ್‌ನಲ್ಲಿ ಪ್ಲಾಸ್ಮಾ ಬೇರ್ಪಡಿಸಿ, ಉಪ್ಪು, ಅಡೆನಿನ್, ಗ್ಲೂಕೋಸ್, ಮ್ಯಾನಿಟಾಲ್ ಇರುವ ದ್ರಾವಣ ಸೇರಿಸಿ, 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಹೀಗಿಟ್ಟರೆ 42 ದಿನ ಬಳಸಬಹುದು. ಬೇರ್ಪಡಿಸದೆ ಸಿಪಿಡಿಎ ಚೀಲದಲ್ಲೇ ಇಟ್ಟ ರಕ್ತಕ್ಕೆ 35 ದಿನ. ಅಷ್ಟರಲ್ಲೂ ದಿನ ಕಳೆದಂತೆ ಕಣದ ಎಟಿಪಿ ಇಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ನುಣುಪಾದ ಕಣಕ್ಕೆ ಮುಳ್ಳು ಮೂಡುತ್ತವೆ.

ಹಾಗೆಂದು ಹಳೆಯ ಚೀಲ ವಿಷವೇನಲ್ಲ. 2015–16ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ, ತಾಜಾ ರಕ್ತ ಪಡೆದ ಆಸ್ಪತ್ರೆ ರೋಗಿಗಳು ಹೆಚ್ಚು ಬದುಕಿದ್ದು ಕಾಣಲಿಲ್ಲ. ಥಲಸ್ಸೇಮಿಯಾದ ಲೆಕ್ಕ ಬೇರೆ. ಹಳೆಯ ಕಣಗಳು ಬೇಗ ಸತ್ತರೆ ಮುಂದಿನ ಚೀಲ ಬೇಗ ಬೇಕು. ಪ್ರತಿ ಚೀಲದೊಂದಿಗೆ ಸುಮಾರು 200 ಮಿಲಿಗ್ರಾಂ ಕಬ್ಬಿಣವೂ ಮೈಗೆ ಸೇರುತ್ತದೆ, ಅದನ್ನು ಹೊರಹಾಕಲು ಮಾತ್ರೆ ನುಂಗಬೇಕು. ಆದ್ದರಿಂದ ಇಂಥ ಮಕ್ಕಳಿಗೆ ಎರಡು ವಾರದೊಳಗಿನ, ಬಿಳಿ ಕಣ ಸೋಸಿದ ರಕ್ತ ಮೇಲು.

ನಮ್ಮ ಶಿಬಿರಗಳೋ, ಆಗಸ್ಟ್ 15, ಮೀಲಾದ್ ಎಂದು ಒಂದೇ ದಿನ ಮುಗಿಬೀಳುತ್ತವೆ. ಒಂದೇ ದಿನ ತುಂಬಿದ ಚೀಲಗಳಿಗೆ 42ನೇ ದಿನವೂ ಒಟ್ಟಿಗೇ ಬರುತ್ತದೆ. ಗಂಡಸರು 90 ದಿನಕ್ಕೊಮ್ಮೆ ಕೊಡಬಹುದು. ಅದಕ್ಕೇ ಅಬ್ಬಾ ಮತ್ತು ಇಬ್ಬರು ಮಾಮು ಬೇರೆ ಬೇರೆ ತಿಂಗಳು ಹಂಚಿಕೊಂಡಿದ್ದಾರೆ. ನನಗೆ 18 ತುಂಬುವುದು ಮಾರ್ಚ್‌ನಲ್ಲಿ, ಏಪ್ರಿಲ್ ನನ್ನದು.