ಗಾಡಿಮನೆಯಲ್ಲಿ ಮೂರು ಕೆರೆಗಳ ಯಾತ್ರೆ

ದೇಶಾಟನವು ವಿದ್ಯೆಯ ಒಂದು ಅಂಗವೆಂದು ನಮ್ಮ ಪೂರ್ವಿಕರು ಭಾವಿಸಿದ್ದರು. ಯಾತ್ರೆಗೆ ಹೊರಡುವ ಸಂಸಾರವು ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನವನ್ನು ಹರಡಿ, ಅಕ್ಕಿ ಬೇಳೆ ಉಪ್ಪಿನಕಾಯಿಗಳ ಗಂಟುಗಳನ್ನು ಕಟ್ಟಿಕೊಂಡು ಹೊರಡುತ್ತಿದ್ದಿತು. ಸಂಜೆಯಾದೊಡನೆ ಯಾವುದಾದರೂ ಕೆರೆಯ ದಡದ ತೋಪಿನಲ್ಲಿ ಎತ್ತುಗಳನ್ನು ಬಿಚ್ಚಿ, ಮೂರು ಕಲ್ಲು ಹೂಡಿ, ಅನ್ನವನ್ನು ಬೇಯಿಸಿ ಉಂಡು, ಅಲ್ಲಿಯೇ ರಾತ್ರಿಯನ್ನು ಕಳೆಯುವುದು ವಾಡಿಕೆ. ರೈಲು ಬಸ್ಸುಗಳು ಬಂದ ಮೇಲೆ ನಾವು ಊರಿನಿಂದ ಊರಿಗೆ ಹಾರುವವರಾದೆವು. ನಡುವಣ ನೆಲವೂ ನೀರೂ ನಮ್ಮ ಕಣ್ಣಿಗೆ ಬೀಳದಾದುವು.

ಆ ಕಮಾನುಗಾಡಿಯ ಮೊಮ್ಮಗನೆನ್ನಬಹುದಾದ ವಾಹನವೊಂದು ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿಯೂ ಬಾಡಿಗೆಗೆ ದೊರೆಯುತ್ತಿರುವುದು. ಕ್ಯಾರವಾನ್ ಎಂದು ಅದರ ಹೆಸರು. ನೋಡುವುದಕ್ಕೆ ಸಣ್ಣ ಬಸ್ಸಿನಂತಿದ್ದು, ಒಳಗೆ ಮಲಗುವ ಹಲಗೆಗಳು, ಒಂದು ಒಲೆ, ಒಂದು ಶೌಚಗೃಹ, ನೀರಿನ ತೊಟ್ಟಿ, ಎಲ್ಲವೂ ಅಡಕವಾಗಿರುವುವು. ನನ್ನ ಮನೆಯವರಿಗೆ ಮೊಣಕಾಲಿನ ಬೇನೆ. ಹೋಟೆಲಿನ ಮೆಟ್ಟಿಲುಗಳನ್ನೂ ಹಾದಿಯ ಶೌಚಾಲಯಗಳನ್ನೂ ನೆನೆದು ಮೂರು ವರ್ಷಗಳಿಂದ ಅವರು ಜಯನಗರವನ್ನು ಬಿಟ್ಟು ಕದಲಿರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ಸೊಸೆಯು ದಸರೆಯ ರಜದಲ್ಲಿ ನಾಲ್ಕು ದಿನಗಳಿಗೆ ಆ ವಾಹನವನ್ನು ಗೊತ್ತುಮಾಡಿ, ಅದಕ್ಕೆ ‘ಗಾಡಿಮನೆ’ ಎಂಬ ಹೆಸರನ್ನೂ ಇಟ್ಟಳು. ನಾವಿಬ್ಬರು, ಮಗ ಸೊಸೆ, ಹತ್ತು ವರ್ಷದ ಮೊಮ್ಮಗಳು, ಏಳು ವರ್ಷದ ಮೊಮ್ಮಗ, ಒಟ್ಟು ಆರು ಮಂದಿ, ಜೊತೆಗೆ ಸಾರಥಿಯೊಬ್ಬನು. ಎಲ್ಲಿಗೆ ಹೋಗಬೇಕೆಂಬುದನ್ನು ಗೊತ್ತುಮಾಡುವ ಅಧಿಕಾರವು ಮಾತ್ರ ನನ್ನ ಪಾಲಿಗೆ ಬಂದಿತು. ನಾನು ಮೂರು ಕೆರೆಗಳನ್ನು ಆರಿಸಿದೆನು.

ಮೊದಲನೆಯ ದಿನವೇ ಒಂದು ಪಾಠವಾಯಿತು. ಗಾಡಿಮನೆಯ ತೊಟ್ಟಿಯು ಹಿಡಿಯುತ್ತಿದ್ದುದು 100 ಲೀಟರು ನೀರು. ನಗರವಾಸಿಯೊಬ್ಬನಿಗೆ ದಿನವೊಂದಕ್ಕೆ 135 ಲೀಟರು ಬೇಕೆಂಬುದು ನಮ್ಮ ದೇಶದಲ್ಲಿ ನೀರು ಸರಬರಾಜಿನವರು ಇಟ್ಟುಕೊಂಡಿರುವ ಲೆಕ್ಕ. ಅದರಂತೆ ನಮ್ಮ ಆರು ಮಂದಿಗೆ 810 ಲೀಟರು ಬೇಕು. ಮಧ್ಯಾಹ್ನದ ಊಟವಾಗಿ ಪಾತ್ರೆಗಳನ್ನು ತೊಳೆಯುವ ಹೊತ್ತಿಗೆ ತೊಟ್ಟಿಯು ಬರಿದಾಯಿತು. ಅಷ್ಟೇ ಅಲ್ಲ, ಅದರ ಕೆಳಗೆ ಕೊಳೆಯ ನೀರಿಗಾಗಿ ಮತ್ತೊಂದು ತೊಟ್ಟಿಯುಂಟೆಂಬುದೂ, ಮೇಲಿನದು ಬರಿದಾದಷ್ಟು ಕೆಳಗಿನದು ತುಂಬುವುದೆಂಬುದೂ ಮಕ್ಕಳಿಗೆ ಪ್ರತ್ಯಕ್ಷವಾಯಿತು. ಮನೆಯಲ್ಲಿ ನಲ್ಲಿಯನ್ನು ತಿರುಗಿಸಿದರೆ ನೀರು ಬರುವುದು, ಬಚ್ಚಲಿನ ತೂತಿನಲ್ಲಿ ಹೋಗುವುದು; ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬ ವಿಚಾರವು ಯಾರಿಗೂ ಹುಟ್ಟುವುದಿಲ್ಲ. ಗಾಡಿಮನೆಯಲ್ಲಿ ಎರಡು ತೊಟ್ಟಿಗಳೂ ನಮ್ಮ ಕಾಲ ಕೆಳಗೇ ಇದ್ದುವು.

ಮೊದಲನೆಯ ಬಿಡಾರವು ತೊಣ್ಣೂರಿನಲ್ಲಿ. ಮೈಸೂರು ರಸ್ತೆಯಲ್ಲಿ ಮಂಡ್ಯವನ್ನು ದಾಟಿ ಪಾಂಡವಪುರದ ಕಡೆಗೆ ತಿರುಗಿದರೆ, ಬೆಂಗಳೂರಿನಿಂದ 150 ಕಿಲೋಮೀಟರಿಗೆ ಒಳಗಿನ ದಾರಿ. ಪಾಂಡವಪುರಕ್ಕೆ ಹಿರೋಡೆಯೆಂಬುದು ಹಿಂದಿನ ಹೆಸರು. ಹೈದರ್ ಟಿಪ್ಪುಗಳ ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ತೊಣ್ಣೂರು ಅಲ್ಲಿಂದ ಸಮೀಪ. ಭಗವದ್ರಾಮಾನುಜರು ಮೇಲುಕೋಟೆಗೆ ಹೋಗುವ ಮೊದಲು ಇಲ್ಲಿದ್ದರೆಂದೂ, ಹೊಯ್ಸಳ ಬಿಟ್ಟಿದೇವನು ಅವರನ್ನು ಇಲ್ಲಿ ಕಂಡನೆಂದೂ ಪ್ರತೀತಿ. ನಂಬಿನಾರಾಯಣ ದೇವಾಲಯದ ಮುಂದಿನ ಕಂಬವನ್ನು ನೋಡಿ, ಗುಡ್ಡಗಳ ನಡುವಣ ಏರಿಯನ್ನು ಹತ್ತಿದೊಡನೆ ಕೆರೆಯು ಒಮ್ಮೆಲೇ ಕಣ್ಣೆದುರು ತೆರೆಯುವುದು. ಮೂರು ಕಡೆಯಲ್ಲಿಯೂ ಬಂಡೆಯ ಗುಡ್ಡಗಳು, ನಡುವೆ ಆಕಾಶದ ಬಣ್ಣವನ್ನೇ ತಳೆದ ತಿಳಿನೀರು. ತಿರುಮಲಸಾಗರವೆಂದು ಇದರ ಹಳೆಯ ಹೆಸರು. 1746ರಲ್ಲಿ ಇಲ್ಲಿ ದಂಡು ಇಳಿಸಿದ್ದ ನಾಸಿರ್ ಜಂಗನು ಇದನ್ನು ಮೋತಿ ತಾಲಾಬ್, ಎಂದರೆ ಮುತ್ತಿನ ಕೆರೆ ಎಂದನು. ಆಚಾರ್ಯರ ಭಕ್ತರೂ ನಿಜಾಮನ ಮಗನೂ ಒಂದೇ ನೀರಿಗೆ ಮನಸೋತು ಒಂದೊಂದು ಹೆಸರನ್ನು ಕೊಟ್ಟುದು ನನಗೆ ಬಲು ಹಿತವಾಗಿ ತೋರಿತು. ನೀರು ಆಳವಾದುದು, ಮಕ್ಕಳನ್ನು ಕರೆದೊಯ್ಯುವವರು ದಡದಲ್ಲಿಯೇ ನಿಲ್ಲಿಸಿಕೊಳ್ಳತಕ್ಕದ್ದು.

ಏರಿಯ ಮೇಲೆ ಕುಳಿತು ಮಕ್ಕಳಿಗೆ ಕೆರೆಯ ಅಂಗಗಳನ್ನು ಹೇಳಿಕೊಟ್ಟೆನು. ನೀರನ್ನು ತಡೆಯುವುದು ಏರಿ. ಬೇಕಾದಷ್ಟು ಬಿಡುವುದು ತೂಬು. ಹೆಚ್ಚಾದುದು ಹೊರಬೀಳುವುದು ಕೋಡಿ. ಕೆಳಗೆ ಆ ನೀರಿನಿಂದ ಬೆಳೆಯುವ ಗದ್ದೆಯ ಬಯಲು ಅಚ್ಚುಕಟ್ಟು. ತೂಬನ್ನು ತೆರೆದು ಮುಚ್ಚಿ ಸರದಿಯಂತೆ ಗದ್ದೆಗಳಿಗೆ ನೀರನ್ನು ಹಂಚುವವನು ನೀರುಗಂಟಿ. “ಅಚ್ಚುಕಟ್ಟು ಎಂದರೆ ಓರಣವಲ್ಲವೇ, ತಾತ?” ಎಂದು ಮೊಮ್ಮಗಳು ಕೇಳಿದಳು. ಎರಡೂ ಹೌದು. ಕೆರೆಯಿದ್ದಲ್ಲಿ ಬದುಕಿಗೂ ಓರಣವಿತ್ತೆಂದು ಹೇಳಿದೆನು.

ಎರಡನೆಯ ದಿನ ಪ್ರಾತಃಕಾಲ ಹೊರಟು, ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರುಗಳ ಮಾರ್ಗವಾಗಿ ಹಿರಿಯೂರಿನ ಕಡೆಗೆ ಸಾಗಿದೆವು. ತೆಂಗಿನ ತೋಟಗಳು ಕ್ರಮೇಣ ವಿರಳವಾಗಿ, ಕುರುಚಲು ಗುಡ್ಡಗಳು ಕಾಣಿಸಿಕೊಂಡುವು. ಮಳೆಗೆ ಬಡವಾದ ಈ ಸೀಮೆಯಲ್ಲಿ ವೇದಾವತಿಯು ಗುಡ್ಡಗಳ ನಡುವೆ ನುಸುಳುವ ಕಂಡಿಯೇ ಮಾರಿಕಣಿವೆ. ಅಲ್ಲಿ ಮೈಸೂರು ಸಂಸ್ಥಾನದವರು ಕಲ್ಲಿನ ಅಣೆಕಟ್ಟನ್ನು ಕಟ್ಟಿ 1907ರಲ್ಲಿ ಪೂರೈಸಿದರು. ರಾಜಪ್ರತಿನಿಧಿಯಾಗಿ ರಾಜ್ಯವನ್ನು ನಡೆಸಿದ ಮಹಾರಾಣಿಯವರ ಹೆಸರಿನಿಂದ ಅದು ವಾಣೀವಿಲಾಸ ಸಾಗರವಾಯಿತು. ಅದರ ಪೂರ್ಣಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. ಆದರೆ ಅಷ್ಟನ್ನು ತುಂಬುವ ಮಳೆಯೆಲ್ಲಿ? 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದುದು 2022ರಲ್ಲಿ, 89 ವರ್ಷಗಳ ನಂತರ! ಒಮ್ಮೆ ಕೋಡಿಯನ್ನು ಕಂಡ ಬಾಲಕನು ಇನ್ನೊಮ್ಮೆ ಕಾಣಬೇಕಾದರೆ ಶತಾಯುಷಿಯಾಗಬೇಕಾಗಿದ್ದಿತು. ಹೀಗಿದ್ದರೂ ಆ ಎಂಬತ್ತೊಂಬತ್ತು ವರ್ಷಗಳೂ ಏರಿಯನ್ನು ಯಾರೂ ಕೈಬಿಡಲಿಲ್ಲ. ಅರ್ಧ ತುಂಬಿದ, ಕಾಲುಭಾಗ ತುಂಬಿದ ನೀರೇ ಹಿರಿಯೂರಿನ ತೋಟಗಳನ್ನೂ ಊರುಗಳ ಬಾಯಾರಿಕೆಯನ್ನೂ ನೋಡಿಕೊಂಡಿತು. ತುಂಬದಿದ್ದರೂ ಕಾಪಾಡಿಕೊಂಡುದರಿಂದಲೇ ತುಂಬುವ ದಿನ ಬಂದಾಗ ಕಟ್ಟೆಯು ನಿಂತಿದ್ದಿತು. ಅಂದಿನ ರಾತ್ರಿ ನನ್ನ ಮನೆಯವರು ಗಾಡಿಮನೆಯ ಬಾಗಿಲಿನಲ್ಲಿ ಕಾಲು ಚಾಚಿ ಕುಳಿತು, ನಕ್ಷತ್ರಗಳನ್ನು ನೋಡುತ್ತ, “ಇಷ್ಟು ಚುಕ್ಕಿಗಳು ನಮ್ಮ ಬಡಾವಣೆಯ ಮೇಲೂ ಇವೆಯೋ?” ಎಂದರು. ಮೂರು ವರ್ಷಗಳ ಮೇಲೆ ಅವರ ಮುಖದಲ್ಲಿ ಆ ಗೆಲವನ್ನು ಕಂಡು, ಬಾಡಿಗೆಯ ಹಣವು ಹೆಚ್ಚಾಯಿತೆಂಬ ನನ್ನ ಗೊಣಗಾಟವು ಅಲ್ಲಿಗೆ ನಿಂತಿತು.

ಮೂರನೆಯ ದಿನ ಹೊಳಲ್ಕೆರೆಯನ್ನು ಹಾದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಸೇರಿದೆವು. ಶಾಂತಿಸಾಗರವೆಂಬುದು ಇದರ ಮತ್ತೊಂದು ಹೆಸರು. ಶಾಂತವ್ವೆಯೆಂಬ ರಾಜಪುತ್ರಿಯು ತಂದೆಯ ಕಟುನುಡಿಗೆ ನೊಂದು ಪ್ರಾಯಶ್ಚಿತ್ತವಾಗಿ ಇದನ್ನು ಕಟ್ಟಿಸಿದಳೆಂದೂ, ಆ ಸ್ಥಳದಲ್ಲಿ ನೆಲಸಿದ್ದ ಗಣಿಕೆಯರು ತಮ್ಮ ಹೆಸರು ಉಳಿಯಬೇಕೆಂಬ ಕರಾರಿನ ಮೇಲೆ ಮನೆಗಳನ್ನು ಬಿಟ್ಟುಕೊಟ್ಟರೆಂದೂ ಜನರು ಹೇಳುವರು. ಕಥೆಯು ಹೇಗಾದರೂ ಇರಲಿ, ಲೋಕವು ಹಳಿದ ಹೆಂಗಸರ ಹೆಸರನ್ನು ಲೋಕಕ್ಕೆ ನೀರುಣಿಸುವ ಕೆರೆಯು ಶತಮಾನಗಳಿಂದ ಹೊತ್ತಿರುವುದು ಸಾಮಾನ್ಯವಾದ ಮಾತಲ್ಲ.

ಕಟ್ಟಿದವರ ಚಾತುರ್ಯವಂತೂ ಬೆರಗುಗೊಳಿಸುವಂಥದು. ಎರಡು ಗುಡ್ಡಗಳ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ಹರಿದ್ರಾವತಿಯನ್ನು ತಡೆದುದರಿಂದ, ಸಾವಿರ ಅಡಿಗಳ ಆಸುಪಾಸಿನ ಏರಿಯೊಂದು ಹತ್ತಾರು ಮೈಲಿಗಳ ಸುತ್ತಳತೆಯ ನೀರನ್ನು ಹಿಡಿದು ನಿಲ್ಲಿಸಿದೆ. ಸಿದ್ಧ, ಬಸವ ಎಂದು ಅದರ ಎರಡು ತೂಬುಗಳಿಗೆ ಹೆಸರು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವೊಂದುಂಟು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ತಪ್ಪಿಸಬೇಕಾದ ಆರು ದೋಷಗಳನ್ನೂ ಅದರಲ್ಲಿ ಎಣಿಸಿದ್ದಾರೆ. ಏರಿಯು ಬಹಳ ಉದ್ದವಾಗದೆ ದೃಢವಾಗಿರಬೇಕೆಂಬುದು ಸಾಧನಗಳಲ್ಲಿ ಒಂದು. ಏರಿಯಿಂದ ನೀರು ಒಸರುವುದು, ನೆಲವು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು ಮೊದಲಾದುವು ದೋಷಗಳು. ಕೆರೆಯನ್ನು ಕಟ್ಟಿಸಿದವನಿಗೆ ಅದು ಸಂತಾನಕ್ಕೆ ಸಮಾನವೆಂದು ನಮ್ಮವರು ಎಣಿಸಿದರು. ಕಟ್ಟಿಸಿ ಬಿಡಲೂ ಇಲ್ಲ. ಹೂಳೆತ್ತುವುದಕ್ಕೆ, ಏರಿಗೆ ಮಣ್ಣು ಹಾಕುವುದಕ್ಕೆ ಭೂಮಿಯನ್ನು ಬಿಟ್ಟುಕೊಟ್ಟು ಶಾಸನ ಹಾಕಿಸಿದರು. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಕನ್ನಡ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವುವು.

ಇಲ್ಲಿಯೇ ನಮಗೊಂದು ಸಣ್ಣ ಪರೀಕ್ಷೆಯೂ ಒದಗಿತು. ಸಂಜೆ ಕವಿಯುವ ಹೊತ್ತಿಗೆ ಕೆಳಗಿನ ತೊಟ್ಟಿಯು ತುಂಬಿ ವಾಸನೆ ಬರಲಾರಂಭಿಸಿತು. ಸಾರಥಿಯು ಹತ್ತಿರದ ಹಳ್ಳವೊಂದನ್ನು ತೋರಿಸಿ, “ಎಲ್ಲರೂ ಇಂಥಲ್ಲೇ ಬಿಡ್ತಾರೆ ಸ್ವಾಮಿ, ಎರಡು ನಿಮಿಷದ ಕೆಲಸ” ಎಂದನು. ಮಗನಿಗೆ ಪ್ರಯಾಣದ ಆಯಾಸ, ಆಗಲೆಂಬಂತೆ ತಲೆಯಾಡಿಸಿದನು. ಅಷ್ಟರಲ್ಲಿ ಮೊಮ್ಮಗನು, “ಈ ಹಳ್ಳ ಎಲ್ಲಿಗೆ ಹೋಗುತ್ತೆ, ತಾತ?” ಎಂದನು. “ಕೆರೆಗೆ, ಮಗು” ಎಂದೆನು. ಯಾರೂ ಮಾತನಾಡಲಿಲ್ಲ. ಈ ಕೆರೆಯ ನೀರನ್ನು ಚಿತ್ರದುರ್ಗದವರೆಗೂ ಜನರು ಕುಡಿಯುವರು. ಕಡೆಗೆ ಸೊಸೆಯು ಎದ್ದು, “ಗಾಡಿ ಹೊರಡಲಿ” ಎಂದಳು. ಕತ್ತಲಲ್ಲಿ ಚನ್ನಗಿರಿಯ ಕಡೆಗೆ ಹೋಗಿ, ಪೆಟ್ರೋಲ್ ಬಂಕೊಂದರವರನ್ನು ಕೇಳಿಕೊಂಡು, ಅವರ ಶೌಚಾಲಯದ ಗುಂಡಿಗೆ ತೊಟ್ಟಿಯನ್ನು ಬರಿದುಮಾಡಿಸಿ ಹಿಂದಿರುಗುವಾಗ ರಾತ್ರಿ ಒಂಬತ್ತು ಕಳೆದಿದ್ದಿತು. ಅವಲಕ್ಕಿ ಮೊಸರಿನಲ್ಲಿ ಊಟ ಮುಗಿಯಿತು. ಸಾರಥಿಯೂ ನಗುತ್ತ ನಮ್ಮೊಡನೆ ಕುಳಿತು ಉಂಡನು.

ಬೆಂಗಳೂರಿನ ಚರಿತ್ರೆಯೆಲ್ಲವೂ ಆ ಎರಡು ನಿಮಿಷಗಳ ಮಾತಿನಲ್ಲಿಯೇ ಅಡಗಿದೆಯೆಂದು ನನಗೆ ತೋರುವುದು. ಕೆಂಪೇಗೌಡರ ಕಾಲದಿಂದ ಈ ಊರು ಬದುಕಿದುದು ಕೆರೆಗಳಿಂದ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯ ನೀರು ಬಂದಿತು. ಇಂದು ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಯಂತ್ರಗಳಿಂದ ಏರಿಸಿ ತರುವರು. ಮೇಲಿನ ತೊಟ್ಟಿಯು ದೂರಕ್ಕೆ ಹೋಯಿತು. ಹತ್ತಿರದ ಕೆರೆಗಳು ಕೆಳಗಿನ ತೊಟ್ಟಿಗಳಾದುವು. ಧರ್ಮಾಂಬುಧಿಯು ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ನಮ್ಮ ಕಡೆಯ ಕೊಳೆಯ ನೀರು ಹರಿದು ಸೇರುವ ಬೆಳ್ಳಂದೂರು ಕೆರೆಯು 2017ರಲ್ಲಿ ನೀರಿನ ಮೇಲೆಯೇ ಹೊತ್ತಿ ಉರಿಯಿತು. ಅಗ್ನಿಯು ನೀರಿನಲ್ಲಿ ಉರಿಯುವುದನ್ನು ಪುರಾಣದ ವಡವಾನಲದಲ್ಲಿ ಓದಿದ್ದೆವು. ನಮ್ಮ ನೆರೆಯಲ್ಲಿಯೇ ಕಂಡೆವು.

ಹಾಗೆಂದು ಕೈಚೆಲ್ಲಿ ಕುಳಿತುಕೊಳ್ಳುವ ಕಾರಣವಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯು ಬತ್ತಿ ಕಸದ ತಾಣವಾಗುತ್ತಿದ್ದಾಗ, ನೆರೆಹೊರೆಯ ಗೃಹಸ್ಥರೇ 2010ರಲ್ಲಿ ಟ್ರಸ್ಟೊಂದನ್ನು ಕಟ್ಟಿಕೊಂಡು ಅದನ್ನು ಉಳಿಸಿದರು. ಇಂದು ಅಲ್ಲಿ ನೀರಿದೆ, ಹಕ್ಕಿಗಳಿವೆ. ಬೆಂಗಳೂರಿನ ಕೊಳೆನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುತ್ತಿರುವರು. ಕೆಳಗಿನ ತೊಟ್ಟಿಯ ನೀರಿಗೂ ಯೋಗ್ಯವಾದ ದಾರಿಯನ್ನು ಹುಡುಕಬಹುದೆಂಬುದಕ್ಕೆ ಇವೇ ಸಾಕ್ಷಿ. ನೀರನ್ನು ಉಣ್ಣುವವರು ವರುಷ ವರುಷವೂ ದುಡಿದುದರಿಂದಲೇ ಕೆರೆಗಳು ಬಾಳಿದುವು. ಗದ್ದೆಯ ಒಕ್ಕಲು ಹೋದಲ್ಲಿ ಬಡಾವಣೆಯ ಒಕ್ಕಲು ಆ ನೊಗಕ್ಕೆ ಹೆಗಲು ಕೊಡದಿದ್ದರೆ ಕೆರೆಗೆ ಬೇರೆ ದಿಕ್ಕಿಲ್ಲ.

ಆದುದರಿಂದ ರಜದ ದಿನಗಳಲ್ಲಿ ಯಾತ್ರೆ ಹೊರಡುವ ಗೃಹಸ್ಥರಿಗೆ ನನ್ನ ಬಿನ್ನಹವಿಷ್ಟೆ. ಗಾಡಿಮನೆಯನ್ನು ಗೊತ್ತುಮಾಡುವವರು ಒಲೆ ಹಾಸಿಗೆಗಳನ್ನು ನೋಡುವ ಮೊದಲು ಕೆಳಗಿನ ತೊಟ್ಟಿಯನ್ನು ಎಲ್ಲಿ ಬರಿದುಮಾಡುವರೆಂದು ಕೇಳಿರಿ. ಹುರಿಹಿಟ್ಟು, ಚಟ್ನಿಪುಡಿ, ಪುಳಿಯೋಗರೆಯ ಗೊಜ್ಜುಗಳನ್ನು ಒಯ್ದರೆ ಪಾತ್ರೆಯೂ ಕಡಿಮೆ, ನೀರೂ ಕಡಿಮೆ. ಅಷ್ಟು ದೂರ ಹೋಗಲಾರದವರು ಮಕ್ಕಳ ಕೈಹಿಡಿದು ಯಡಿಯೂರು ಕೆರೆಗೋ, ಸಾರಕ್ಕಿಗೋ, ಮಡಿವಾಳಕ್ಕೋ ನಡೆದು, ಅದರ ಏರಿ ಯಾವುದು, ಕೋಡಿ ಎಲ್ಲಿ, ಒಳಬರುವ ನೀರು ಯಾರ ಮನೆಯದು ಎಂಬುದನ್ನು ತೋರಿಸಿಕೊಡಲಿ. ಬನಶಂಕರಿಯಲ್ಲಿ ಇಂದಿಗೂ ಒಂದು ಪ್ರದೇಶಕ್ಕೆ ಚೆನ್ನಮ್ಮನಕೆರೆ ಅಚ್ಚುಕಟ್ಟು ಎಂದು ಹೆಸರು. ಗದ್ದೆಗಳು ಮನೆಗಳಾಗಿವೆ, ಫಲಕದ ಮೇಲೆ ಅಚ್ಚುಕಟ್ಟು ಮಾತ್ರ ಉಳಿದಿದೆ. ಆ ಹೆಸರನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಮಗುವೊಂದು ಮನೆಗೊಂದರಂತೆ ಬೆಳೆದರೆ, ಉಳಿದಿರುವ ಕೆರೆಗಳಿಗೆ ಮುಂದೆಯೂ ಒಬ್ಬೊಬ್ಬ ನೀರುಗಂಟಿಯು ದೊರೆಯುವನು.