ದ್ರಾಕ್ಷಿಗೆ ಕಟ್ಟಿದ ನೆರಳು

ಬಿಸಿಲಿಗೆ ಅಂಜಿ ದುಡಿಮೆಗೆ ಬೆನ್ನು ತೋರಬಾರದೆಂಬ ಹಿರಿಯರ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಕಾಯಕವಂತರ ಮನೆಯಲ್ಲಿ ಚರ್ಮದ ಚಿಂತೆಗೆ ಎಡೆಯಿಲ್ಲವೆಂದೇ ಎಣಿಸಿದ್ದೆವು. ಆ ಎಣಿಕೆ ಎಷ್ಟು ಕುರುಡಾಗಿತ್ತೆಂಬುದನ್ನು ನಮ್ಮ ಮನೆಯವರ ಮುಖವೇ ತಿಳಿಸಿಕೊಟ್ಟಿತು.

ವಿಜಯಪುರ ಜಿಲ್ಲೆಯಲ್ಲಿ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ತೋಟ. ಏಪ್ರಿಲ್ ತಿಂಗಳಲ್ಲಿ ಚಾಟ್ನಿ ಮಾಡುವಾಗ ಬಳ್ಳಿಗಳಲ್ಲಿ ಎಲೆಯ ನೆರಳೂ ಉಳಿಯುವುದಿಲ್ಲ. ಇಪ್ಪತ್ತು ವರ್ಷ ಮನೆಯವರು ಆ ಬಿಸಿಲಿನಲ್ಲಿ ನಮ್ಮ ಸರಿಸಮನಾಗಿ ದುಡಿದರು. ಅವರ ಕೆನ್ನೆಗಳ ಮೇಲೆ ಭಂಗು ಹರಡಿತು, ವಯಸ್ಸಿಗೆ ಮೀರಿದ ಸುಕ್ಕುಗಳು ಮೂಡಿದವು. ನಾವು ಗಮನಿಸಲಿಲ್ಲ. ಮಗಳ ನಿಶ್ಚಯದ ದಿನ ಬೀಗರ ಕಡೆಯ ಹೆಣ್ಣುಮಗಳೊಬ್ಬಳು ಅವರನ್ನು ನಮ್ಮ ಅಕ್ಕನೆಂದು ತಿಳಿದು ಮಾತನಾಡಿಸಿದಳು. ಅವರು ನಕ್ಕು ಸುಮ್ಮನಾದರು. ಆದರೆ ಅಂದಿನಿಂದ ಸಮಾರಂಭಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದರು.

ಕೆಲ ದಿನಗಳ ತರುವಾಯ ಕಪಾಟಿನಲ್ಲಿ ಗುಳಿಗೆಗಳ ಡಬ್ಬಿಯೊಂದು ಕಣ್ಣಿಗೆ ಬಿತ್ತು. ದ್ರಾಕ್ಷಿ ಬೀಜದ ಸತ್ವ, 'ಸಿ' ಮತ್ತು 'ಇ' ಜೀವಸತ್ವಗಳು, ಬೀಟಾ ಕ್ಯಾರೊಟಿನ್. ಬಿಸಿಲಿನಿಂದ ಕೆಟ್ಟ ಚರ್ಮವನ್ನು ಒಳಗಿನಿಂದಲೇ ಸರಿಪಡಿಸುವ ಭರವಸೆ. ಬೀಜವಿಲ್ಲದ ದ್ರಾಕ್ಷಿ ಬೆಳೆಯುವ ಮನೆಗೆ ದ್ರಾಕ್ಷಿಯ ಬೀಜ ಡಬ್ಬಿಯಲ್ಲಿ ಬಂದಿತ್ತು! ಮೂರು ತಿಂಗಳು ನುಂಗಿದರೂ ಭಂಗು ಹಾಗೆಯೇ ಉಳಿಯಿತು. ಕೊನೆಗೆ ಚರ್ಮವೈದ್ಯರ ಬಳಿಗೆ ಹೋದೆವು.

ವೈದ್ಯರು ಸಮಾಧಾನದಿಂದ ವಿವರಿಸಿದರು. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದೊಳಗೆ ಚಂಚಲವಾದ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತವೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ನಾರನ್ನು ಅವು ಹಾಳುಮಾಡುತ್ತವೆ. ಆಂಟಿಆಕ್ಸಿಡೆಂಟುಗಳು ಅಂಥ ಕಣಗಳನ್ನು ತಣಿಸಬಲ್ಲವು. ಆದರೆ ತಣಿಸುವುದು ಬೇರೆ, ಕೆಟ್ಟದ್ದನ್ನು ಮರಳಿ ಕಟ್ಟುವುದು ಬೇರೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೂರ್ ಎಂಬ ಊರಿನಲ್ಲಿ 1992ರಲ್ಲಿ ಆರಂಭವಾದ ಪ್ರಯೋಗವೊಂದನ್ನು ಅವರು ಹೇಳಿದರು. ನಾಲ್ಕೂವರೆ ವರ್ಷ ಕೆಲವರಿಗೆ ನಿತ್ಯ 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. ಕೆಲವರಿಗೆ ನಿತ್ಯವೂ ಸನ್‌ಸ್ಕ್ರೀನ್ ಹಚ್ಚಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಿತ್ಯ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಅಷ್ಟು ಕಾಲವೂ ಹೆಚ್ಚಿದಂತೆ ಕಾಣಲಿಲ್ಲ. ಗುಳಿಗೆಯಿಂದ ಒಟ್ಟಾರೆ ಪ್ರಯೋಜನವೇನೂ ಕಂಡುಬರಲಿಲ್ಲ. ಅವರದು ಹೆಚ್ಚಾಗಿ ಬಿಳಿಯ ಚರ್ಮ. ನಮ್ಮ ಚರ್ಮದ ಕಪ್ಪು ವರ್ಣ ತಕ್ಕಮಟ್ಟಿಗೆ ಕಾವಲಾಗಿದ್ದರೂ ಆಳಕ್ಕಿಳಿಯುವ ಕಿರಣಗಳನ್ನು ಪೂರ್ತಿ ತಡೆಯಲಾರದು.

"ಹಾನಿಯಂತೂ ಇಲ್ಲವಲ್ಲ" ಎಂದೆವು. ವೈದ್ಯರು ತಲೆಯಾಡಿಸಿದರು. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದಾಗ, ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಶೇಕಡಾ 18ರಷ್ಟು ಹೆಚ್ಚಿತೆಂದು 1994ರಲ್ಲಿ ತಿಳಿದುಬಂದಿತಂತೆ. ಬೀಡಿ ಸೇದುವವರಿರುವ ಮನೆಗಳು ಇದನ್ನು ಮರೆಯಬಾರದು. ನೆಲ್ಲಿಕಾಯಿ, ನುಗ್ಗೆಸೊಪ್ಪು, ಗಜ್ಜರಿಗಳನ್ನು ಊಟದಲ್ಲಿ ಧಾರಾಳವಾಗಿ ಬಳಸಿರೆಂದು ಹೇಳಿ ಮುಖಕ್ಕೆ ಮುಲಾಮು, ಸನ್‌ಸ್ಕ್ರೀನ್ ಬರೆದುಕೊಟ್ಟರು.

ನಮ್ಮ ನಿಜವಾದ ಪಾಠ ಮಾತ್ರ ಮನೆಯಲ್ಲಿ ಕಾದಿತ್ತು. ಅದು ಒಣದ್ರಾಕ್ಷಿಯ ಕಾಲ. ನೇರ ಬಿಸಿಲು ತಾಕಿದರೆ ಹಣ್ಣಿನ ಬಣ್ಣ ಕೆಟ್ಟು ಬೆಲೆ ಇಳಿಯುವುದೆಂದು ಶೆಡ್ಡಿಗೆ ನೆರಳುಪರದೆ ಬಿಗಿಯುತ್ತಿದ್ದೆವು. ಬಯಲಿನಲ್ಲಿ ಕುಳಿತು ಗೊನೆ ಆರಿಸುತ್ತಿದ್ದ ಮನೆಯವರು ತಲೆಯೆತ್ತಿ ಕೇಳಿದರು: "ದ್ರಾಕ್ಷಿಗೆ ನೆರಳು ಕಟ್ಟತೀರಿ. ನಮಗ ಯಾರು ಕಟ್ಟತಾರ್ರೀ?"

ನಮ್ಮ ಕೈಯ ಹಗ್ಗ ಅಲ್ಲಿಯೇ ನಿಂತಿತು. ಅವರ ಪಕ್ಕದಲ್ಲಿ ಆರು ಮಂದಿ ಕೂಲಿಯ ಹೆಣ್ಣುಮಕ್ಕಳೂ ಅದೇ ಬಿಸಿಲಿನಲ್ಲಿದ್ದರು. ಅಂದೇ ಅವರು ಕೂರುವಲ್ಲಿಗೂ ಪರದೆ ಕಟ್ಟಿದೆವು. ಹನ್ನೊಂದರಿಂದ ಮೂರರವರೆಗೆ ತೋಟದ ಕೆಲಸ ನಿಲ್ಲಿಸಿದೆವು. ಕೂಲಿಯನ್ನು ಕಡಿಮೆ ಮಾಡಲಿಲ್ಲ. ಎಲ್ಲರಿಗೂ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ತಂದೆವು. ಗುಳಿಗೆಯ ಹಣ ಅದಕ್ಕೆ ಬಹುಮಟ್ಟಿಗೆ ಸಾಲಿತು.

ವರ್ಷ ಕಳೆದಿದೆ. ಭಂಗು ಕೊಂಚ ತಿಳಿಯಾಗಿದೆ. ಸುಕ್ಕುಗಳು ಹಾಗೆಯೇ ಇವೆ. ಮಗಳ ಮದುವೆಯಲ್ಲಿ ಮನೆಯವರು ಮುಂದೆ ನಿಂತು ಬೀಗರನ್ನು ಬರಮಾಡಿಕೊಂಡರು.

ಶರಣ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಮಾಯದ ಹುಣ್ಣು, ಬಣ್ಣ ಬದಲಿಸುವ ಮಚ್ಚೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಗುಳಿಗೆಯ ಡಬ್ಬಿ ಕೊಳ್ಳುವ ಮೊದಲು, ನಿಮ್ಮೊಡನೆ ದುಡಿಯುವವರ ತಲೆಯ ಮೇಲೆ ನೆರಳಿದೆಯೇ ಎಂದು ಒಮ್ಮೆ ನೋಡಿರಿ.